ಡೇಟಾಬೇಸ್ ಸಂರಚನಾ ಕಡತ: ನೆಲೆ ಎಲ್ಲಿರಬೇಕು?

ಬ್ಯಾಂಕ್ ಖಾತೆಯಿಂದ ರೈಲ್ವೆ ಟಿಕೆಟ್‌ವರೆಗೆ ಇಂದು ಎಲ್ಲ ವಿವರಗಳೂ ಡೇಟಾಬೇಸ್ ತಂತ್ರಾಂಶಗಳ ಸುಪರ್ದಿಯಲ್ಲಿವೆ. ಅಂಥ ತಂತ್ರಾಂಶವು ಎಷ್ಟು ಮೆಮೊರಿ ಬಳಸಬೇಕು, ಏಕಕಾಲಕ್ಕೆ ಎಷ್ಟು ಸಂಪರ್ಕಗಳನ್ನು ಸ್ವೀಕರಿಸಬೇಕು, ಯಾರಿಗೆ ಪ್ರವೇಶ ನೀಡಬೇಕು ಎಂಬುದನ್ನು ನಿರ್ಧರಿಸುವುದು ಸಂರಚನಾ ಕಡತ. ಈ ಪುಟ್ಟ ಕಡತವನ್ನು ಎಲ್ಲಿ ಇರಿಸಬೇಕೆಂಬುದು ಮಾತ್ರ ಹಳೆಯ ಜಿಜ್ಞಾಸೆ.

ಮುಕ್ತ ತಂತ್ರಾಂಶವಾದ ಪೋಸ್ಟ್‌ಗ್ರೆಸ್ ಇದಕ್ಕೆ ಉತ್ತಮ ನಿದರ್ಶನ. ಮೂಲ ಪದ್ಧತಿಯಂತೆ, ಡೇಟಾಬೇಸನ್ನು ಮೊದಲ ಬಾರಿಗೆ ಸಿದ್ಧಪಡಿಸುವ ‘ಇನಿಟ್‌ಡಿಬಿ’ ಆದೇಶವು ಮಾದರಿ ಕಡತಗಳಿಂದ ಸಂರಚನಾ ಕಡತಗಳನ್ನು ರಚಿಸಿ ದತ್ತಾಂಶದ ಕೋಶದಲ್ಲಿಯೇ ಇಡುತ್ತದೆ. ದತ್ತಾಂಶ ಮತ್ತು ಅದರ ನಿಯಮಾವಳಿ ಒಂದೇ ಸೂರಿನಡಿ ಇರುವುದರಿಂದ, ಇಡೀ ಕೋಶವನ್ನು ನಕಲು ಮಾಡಿದರೆ ಎರಡೂ ಜೊತೆಯಾಗಿ ಸಾಗುತ್ತವೆ.

ಆದರೆ ಲಿನಕ್ಸ್ ಲೋಕದ ಕಡತವ್ಯವಸ್ಥೆಯ ಮಾನದಂಡ ಬೇರೆ. ಅದರ ಪ್ರಕಾರ ಯಂತ್ರಕ್ಕೆ ಸಂಬಂಧಿಸಿದ ಸಂರಚನೆಗಳ ಸ್ಥಾನ ‘/ಇಟಿಸಿ’. ನಿರಂತರ ಬದಲಾಗುವ ದತ್ತಾಂಶದ ಸ್ಥಾನ ‘/ವಾರ್’. ಡೆಬಿಯನ್ ಇದನ್ನೇ ಪಾಲಿಸಿ, ಪೋಸ್ಟ್‌ಗ್ರೆಸ್ ಕಡತಗಳನ್ನು ‘/ಇಟಿಸಿ’ಯಲ್ಲಿ ಆವೃತ್ತಿವಾರು ಪ್ರತ್ಯೇಕವಾಗಿ ಇರಿಸುತ್ತದೆ. ಹೀಗಾಗಿ ಒಂದೇ ಯಂತ್ರದಲ್ಲಿ ಎರಡು ಆವೃತ್ತಿಗಳು ಗೊಂದಲವಿಲ್ಲದೆ ನಡೆಯಬಲ್ಲವು. 2005ರಲ್ಲಿ ಬಂದ 8.0 ಆವೃತ್ತಿಯು ಕಡತಗಳ ನೆಲೆಯನ್ನು ಪ್ರತ್ಯೇಕವಾಗಿ ಸೂಚಿಸುವ ಅವಕಾಶ ನೀಡಿತು. ರೆಡ್‌ಹ್ಯಾಟ್ ಬಳಗ ಮಾತ್ರ ಮೂಲ ಪದ್ಧತಿಯನ್ನೇ ಉಳಿಸಿಕೊಂಡಿದೆ.

ಅಪಾಯವಿರುವುದು ಬ್ಯಾಕಪ್‌ನಲ್ಲಿ. ‘ಪಿಜಿ_ಬೇಸ್‌ಬ್ಯಾಕಪ್’ ಸಾಧನವು ದತ್ತಾಂಶದ ಕೋಶವನ್ನಷ್ಟೇ ನಕಲು ಮಾಡುತ್ತದೆ. ‘/ಇಟಿಸಿ’ಯಲ್ಲಿರುವ ಕಡತಗಳು ಅದರಲ್ಲಿ ಸೇರುವುದಿಲ್ಲ. ಯಂತ್ರ ಕೆಟ್ಟ ದಿನ ದತ್ತಾಂಶ ಮರಳಿ ದೊರೆತರೂ, ಯಾರಿಗೆ ಪ್ರವೇಶವಿತ್ತೆಂಬ ನಿಯಮಗಳು ದೊರೆಯದೆ ಸೇವೆ ಸ್ಥಗಿತಗೊಳ್ಳಬಹುದು.

2014ರ 9.4 ಆವೃತ್ತಿಯಿಂದ ಇನ್ನೊಂದು ತೊಡಕೂ ಸೇರಿದೆ. ‘ಆಲ್ಟರ್ ಸಿಸ್ಟಮ್’ ಆದೇಶದ ಮೂಲಕ ಮಾಡಿದ ಬದಲಾವಣೆಗಳು ದತ್ತಾಂಶದ ಕೋಶದಲ್ಲಿರುವ ಬೇರೊಂದು ಕಡತದಲ್ಲಿ ದಾಖಲಾಗಿ, ಮುಖ್ಯ ಕಡತದ ಮಾತನ್ನು ಮೀರುತ್ತವೆ. ಮೈಎಸ್‌ಕ್ಯೂಎಲ್ ಕೂಡ ಹಲವು ನೆಲೆಗಳಲ್ಲಿ ಕಡತ ಹುಡುಕುತ್ತದೆ. ಸಾಮಾನ್ಯವಾಗಿ ಕೊನೆಗೆ ಓದಿದ್ದೇ ಅಂತಿಮ.

ಹಾಗಾದರೆ ಯಾವುದು ಸರಿ? ಹಲವು ತಂತ್ರಾಂಶಗಳನ್ನು ಒಟ್ಟಿಗೆ ನಿರ್ವಹಿಸುವ ಯಂತ್ರಕ್ಕೆ ‘/ಇಟಿಸಿ’ಯೇ ಸೂಕ್ತ. ಡೇಟಾಬೇಸ್‌ಗೆಂದೇ ಮೀಸಲಾಗಿ, ಆಗಾಗ ಸ್ಥಳಾಂತರಗೊಳ್ಳುವ ವ್ಯವಸ್ಥೆಗೆ ದತ್ತಾಂಶದ ಕೋಶವೇ ಅನುಕೂಲ. ನೆಲೆ ಯಾವುದಾದರೂ, ‘ಶೋ ಕಾನ್ಫಿಗ್_ಫೈಲ್’ ಎಂದು ಪೋಸ್ಟ್‌ಗ್ರೆಸ್ಸನ್ನೇ ಕೇಳಿ ಮುಖ್ಯ ಕಡತದ ವಿಳಾಸವನ್ನು ಖಚಿತಪಡಿಸಿಕೊಳ್ಳುವುದು ಹಾಗೂ ಆ ಕಡತಗಳನ್ನೂ ಬ್ಯಾಕಪ್‌ಗೆ ಸೇರಿಸುವುದು ನಿರ್ವಾಹಕರ ಮೊದಲ ಕರ್ತವ್ಯ.