ಕಡಲಹೂಗಳ ಲಕ್ಷಣನಿರ್ಣಯ

ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರದ ದೇವಾಲಯದ ಮೂರ್ತಿಯಲ್ಲಿ ಬಲಭಾಗ ಹರನದು, ಎಡಭಾಗ ಹರಿಯದು. ಇದನ್ನು ನಾವು ನಿರ್ಣಯಿಸುವುದು ಅಲಂಕಾರದ ಬಣ್ಣದಿಂದಲ್ಲ, ಶಿಲ್ಪದ ಲಕ್ಷಣಗಳಿಂದ. ಉಷ್ಣವಲಯದ ಕಡಲಹೂಗಳ, ಅಂದರೆ ಸೀ ಅನಿಮೋನ್‌ಗಳ, ಜಾತಿನಿರ್ಣಯಕ್ಕೂ ಇದೇ ನ್ಯಾಯ ಸಲ್ಲುತ್ತದೆ. ಇತಿಹಾಸದ ಅಧ್ಯಾಪಕನಿಗೆ ಈ ವಿಷಯವೇಕೆಂದು ಕೇಳುವವರುಂಟು. ಆದರೆ ಇವುಗಳ ಹೆಸರಿನ ಗೊಂದಲಕ್ಕೆ ಕಾರಣ ಇರುವುದು ಇತಿಹಾಸದಲ್ಲಿಯೇ.

ಕಡಲಹೂ ಸಸ್ಯವಲ್ಲ, ಹವಳದ ಬಂಧುವಾದ ಪ್ರಾಣಿ. ಕೆಳಗೆ ನೆಲವನ್ನು ಹಿಡಿಯುವ ಪಾದ, ನಡುವೆ ಕಂಬದಂತಹ ದೇಹ, ಮೇಲೆ ಬಾಯಿ, ಅದರ ಸುತ್ತ ಕುಟುಕುಕೋಶಗಳುಳ್ಳ ಕರಬಳ್ಳಿಗಳು. ಒಂದೇ ಜಾತಿಯಲ್ಲಿ ಹಸುರು, ಕಂದು, ನೇರಳೆ ಬಣ್ಣದವು ಕಾಣಬರುವುದರಿಂದ ಬಣ್ಣವನ್ನು ನಂಬುವಂತಿಲ್ಲ.

ಲಿನೇಯಸನ ಶಿಷ್ಯ ಪೀಟರ್ ಫೋರ್ಸ್ಕಾಲ್ ಡೆನ್ಮಾರ್ಕಿನ ಅರೇಬಿಯಾ ಯಾತ್ರೆಯಲ್ಲಿ ಕೆಂಪು ಸಮುದ್ರದ ಜೀವಿಗಳನ್ನು ವರ್ಣಿಸಿದನು. 1763ರಲ್ಲಿ ಯೆಮೆನಿನಲ್ಲಿ ಅವನು ತೀರಿಕೊಂಡ ಬಳಿಕ, ಸಹಯಾತ್ರಿಕ ನೀಬುರ್ 1775ರಲ್ಲಿ ಆ ಬರಹಗಳನ್ನು ಪ್ರಕಟಿಸಿದನು. ಸ್ಟೈಕೋಡ್ಯಾಕ್ಟಿಲಾ ಜೈಗ್ಯಾಂಟಿಯಾ ಎಂಬ ಜಾತಿಯ ಮೊದಲ ವರ್ಣನೆ ಅದರಲ್ಲಿದೆ. ಮುಂದೆ ಬಂದ ಪಂಡಿತರಲ್ಲಿ ಅನೇಕರು ನೋಡಿದ್ದು ಸೀಸೆಯಲ್ಲಿ ಮುದುಡಿ ಬಣ್ಣಗೆಟ್ಟ ದೇಹಗಳನ್ನು. ಹೀಗಾಗಿ ಒಂದೇ ಪ್ರಾಣಿಗೆ ಹಲವು ಹೆಸರುಗಳಾದವು. 1981ರಲ್ಲಿ ಡಾಫ್ನೆ ಫೌಟಿನ್ ಡನ್ ಅವರು ಹಳೆಯ ಬರಹಗಳನ್ನೂ ಜೀವಂತ ಪ್ರಾಣಿಗಳನ್ನೂ ತಾಳೆನೋಡಿ, ಕ್ಲೌನ್ ಮೀನುಗಳಿಗೆ ಆಶ್ರಯವಾದ ಜಾತಿಗಳು ಹತ್ತೇ ಎಂದು ತೀರ್ಮಾನಿಸಿದರು. ಶಾಸನಗಳ ಪಾಠಭೇದವನ್ನು ಬಿಡಿಸುವ ಕೆಲಸಕ್ಕೆ ಇದು ಯಾವ ರೀತಿಯಲ್ಲಿಯೂ ಕಡಮೆಯದಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ಮೊದಲು ಪಾದ ಎಲ್ಲಿ ನೆಟ್ಟಿದೆಯೆಂದು ನೋಡಬೇಕು. ಹ್ಯಾಡೋನಿ ಜಾತಿ ಮರಳಿನಲ್ಲಿ ವಾಸಿಸುತ್ತದೆ. ಕೆಣಕಿದರೆ ಮರಳಿನೊಳಗೆ ಪೂರ್ತಿ ಅಡಗುತ್ತದೆ. ಇದರ ಹೆಸರಿಗೆ ಕಾರಣನಾದ ಹ್ಯಾಡನ್ 1888ರಲ್ಲಿ ಟಾರೆಸ್ ಜಲಸಂಧಿಗೆ ಕಡಲಜೀವಿಗಳ ಅಧ್ಯಯನಕ್ಕೆಂದು ಹೋಗಿ, ಕಡೆಗೆ ಮಾನವಶಾಸ್ತ್ರಜ್ಞನಾದನೆಂಬುದು ಸ್ವಾರಸ್ಯದ ಸಂಗತಿ. ಇದನ್ನು ಹೋಲುವ ಮೆರ್ಟೆನ್ಸಿಯೈ ಬಂಡೆಯನ್ನು ಹಿಡಿದಿದ್ದು, ಒಂದು ಮೀಟರಿಗೂ ಮಿಕ್ಕಿ ಹರಡಬಲ್ಲದು. ಎಂಟಾಕ್ಮಿಯಾ ಕ್ವಾಡ್ರಿಕಲರ್ ಬಂಡೆಯ ಬಿರುಕಿನಲ್ಲಿ ಪಾದವನ್ನು ಹುದುಗಿಸುತ್ತದೆ. ಕರಬಳ್ಳಿಯ ತುದಿ ಅನೇಕ ವೇಳೆ ಗುಳ್ಳೆಯಂತೆ ಉಬ್ಬಿರುತ್ತದೆ, ಆದರೆ ಯಾವಾಗಲೂ ಅಲ್ಲ. ‘ನಾಲ್ಕು ಬಣ್ಣದ್ದು’ ಎಂಬರ್ಥದ ಅದರ ಹೆಸರೇ ಬಣ್ಣವನ್ನು ನಂಬಿದ ಕಾಲದ ಕುರುಹು. ಅನಂತರ ಕಂಬದ ಮೇಲಿನ ಗಂಟುಗಳನ್ನು ನೋಡಬೇಕು: ಎಂಟಾಕ್ಮಿಯಾದಲ್ಲಿ ಅವು ಇಲ್ಲ, ಮೆರ್ಟೆನ್ಸಿಯೈಯಲ್ಲಿ ಸಾಲುಸಾಲಾಗಿ ಎದ್ದು ಕಾಣುತ್ತವೆ.

ಮೇಲಿನಿಂದ ತೆಗೆದ ಛಾಯಾಚಿತ್ರದಲ್ಲಿ ಪಾದವೂ ಕಂಬವೂ ಕಾಣುವುದಿಲ್ಲ. ದಾವಣಗೆರೆ, ಹರಿಹರಗಳ ಕಾಲೇಜುಗಳಿಂದ ಮುರುಡೇಶ್ವರದ ಕಡೆಗೆ ಅಧ್ಯಯನಪ್ರವಾಸ ಹೋಗುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಪ್ರಾಣಿಯನ್ನು ಕೀಳದೆ, ಅದು ಮರಳಿನಲ್ಲಿತ್ತೋ ಬಂಡೆಯ ಮೇಲಿತ್ತೋ ಬಿರುಕಿನಲ್ಲಿತ್ತೋ ಎಂಬುದನ್ನು ಸ್ಥಳದಲ್ಲಿಯೇ ಬರೆದುಕೊಳ್ಳಬೇಕು. ಆ ಟಿಪ್ಪಣಿಯಿಲ್ಲದ ಚಿತ್ರಕ್ಕೆ ‘ಕಡಲಹೂ’ ಎಂದಷ್ಟೇ ಹೆಸರಿಡುವುದು ಲೇಸು.