ಹಸಿರಾಗಿದ್ದೂ ಗೊಡ್ಡಾದ ತೊಗರಿ

ಹೊಲದ ತೊಗರಿಯೆಲ್ಲ ಹೂಬಿಟ್ಟು ಕಾಯಿ ಕಟ್ಟುವಾಗ ನಡುವೆ ಕೆಲವು ಗಿಡ ಮಾತ್ರ ತಿಳಿಹಸಿರು ಮಚ್ಚೆಯ ಸಣ್ಣ ಎಲೆ ಹೊತ್ತು ಪೊದೆಯಾಗಿ ನಿಂತಿರುತ್ತವೆ. ಹೂವಿಲ್ಲ, ಕಾಯಿಯಿಲ್ಲ. ಇದೇ ಗೊಡ್ಡು ರೋಗ. ನೆಟೆ ರೋಗ ಬಂದ ಗಿಡ ಕಣ್ಣೆದುರೇ ಒಣಗುತ್ತದೆ. ಗೊಡ್ಡು ಗಿಡ ಹಸಿರಾಗಿಯೇ ಉಳಿದು ರೈತರನ್ನು ನಂಬಿಸುತ್ತದೆ. ನನಗೆ ಇದೇ ಹೆಚ್ಚು ಸಂಕಟದ್ದೆನಿಸುತ್ತದೆ.

ಬಿಹಾರದ ಪೂಸಾದಿಂದ 1931ರಲ್ಲಿ ವರದಿಯಾದ ಈ ರೋಗವನ್ನು ಹರಡುವುದು ನುಸಿ ಎಂದು ಗೊತ್ತಾಗಲು 1960ರ ದಶಕ ಬರಬೇಕಾಯಿತು. ತಡವಾದದ್ದರಲ್ಲಿ ಅಚ್ಚರಿಯಿಲ್ಲ. ಎಲೆಯಡಿ ಬದುಕುವ ಆ ನುಸಿಯ ಉದ್ದ ಮಿಲಿಮೀಟರಿನ ಐದನೇ ಒಂದು ಪಾಲು, ಕಾಲು ನಾಲ್ಕೇ, ರೆಕ್ಕೆಯಿಲ್ಲ. ಗಾಳಿಯೇ ಅದರ ಬಂಡಿ. ರೋಗ ತಡೆಯುವ ತಳಿ ಹುಡುಕುವ ವಿಜ್ಞಾನಿಗಳು ಕಂಡುಕೊಂಡ ಉಪಾಯವೂ ಅಷ್ಟೇ ಸರಳ: ರೋಗದ ಎಲೆಯನ್ನು ಎಳೆ ಸಸಿಯ ಎಲೆಗೆ ಸ್ಟೇಪ್ಲರ್‌ನಿಂದ ಚುಚ್ಚಿಬಿಡುವುದು. ಎಲೆ ಒಣಗುತ್ತಿದ್ದಂತೆ ನುಸಿಗಳು ಹಸಿ ಎಲೆಗೆ ದಾಟುತ್ತವೆ.

ನುಸಿ ಸಿಕ್ಕಿತು, ಅದು ಹೊತ್ತು ತರುತ್ತಿದ್ದದ್ದು ಸಿಗಲಿಲ್ಲ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ಮತ್ತು ಸ್ಕಾಟ್ಲೆಂಡಿನ ಸಂಶೋಧಕರು ವೈರಸ್ಸನ್ನು ಬೇರ್ಪಡಿಸಿ ಗುರುತಿಸುವ ಹೊತ್ತಿಗೆ ಮೊದಲ ವರದಿಯಿಂದ ಸುಮಾರು 70 ವರ್ಷ ಕಳೆದಿತ್ತು. ಅದರ ವಂಶವಾಹಿ ಒಂದೇ ಎಳೆಯಲ್ಲ, ತುಂಡು ತುಂಡಾದ ಆರ್‌ಎನ್‌ಎ. ಒಂದು ತುಂಡಿನಲ್ಲಿ ನಕಲು ತೆಗೆಯುವ ಕಿಣ್ವದ ಬರಹ, ಇನ್ನೊಂದರಲ್ಲಿ ಹೊರಪೊರೆಯದು, ಮತ್ತೊಂದರಲ್ಲಿ ಕೋಶದಿಂದ ಕೋಶಕ್ಕೆ ದಾಟಿಸುವ ಪ್ರೋಟೀನಿನದು. ಈ ಬರಹ ತಿರುವುಮುರುವಾಗಿರುವುದರಿಂದ ಗಿಡದ ಕೋಶ ಅದನ್ನು ನೇರವಾಗಿ ಓದಲಾರದು; ಓದಬಲ್ಲ ಪ್ರತಿ ಮಾಡುವ ಕಿಣ್ವವನ್ನು ವೈರಸ್ಸು ತನ್ನೊಂದಿಗೇ ತರುತ್ತದೆ.

2014 ಮತ್ತು 2015ರಲ್ಲಿ ಈ ತುಂಡುಗಳ ಪೂರ್ಣ ಓದು ಪ್ರಕಟವಾದಾಗ, ಒಂದೇ ಎಂದುಕೊಂಡ ರೋಗದ ಹಿಂದೆ ಎರಡು ವೈರಸ್ಸುಗಳಿರುವುದು ತಿಳಿಯಿತು. ಒಂದೇ ಗಿಡದಲ್ಲಿ ಎರಡೂ ಕೂಡಿರುವುದುಂಟು. ಈಗ ಪಿಸಿಆರ್ ಪರೀಕ್ಷೆ ಇವನ್ನು ಬೇರೆ ಬೇರೆಯಾಗಿ ಹೇಳಬಲ್ಲದು.

ತಳಿ ಆರಿಸುವವರಿಗೆ ವೈರಸ್ಸಿನ ಬಗೆ ತಿಳಿಯುವುದು ಬಹಳ ಮುಖ್ಯ. ಪಟಾನ್‌ಚೆರುವಿನಲ್ಲಿ ರೋಗ ತಾಳಿಕೊಂಡ ತಳಿ ಬೆಂಗಳೂರಿನ ಉಗ್ರ ವೈರಸ್ ಬಗೆಯೆದುರು ಸೋತದ್ದುಂಟು. ನಮ್ಮ ರೈತರು ಮೆಚ್ಚಿದ ಮಾರುತಿ ತಳಿ ನೆಟೆ ರೋಗವನ್ನು ತಡೆಯುತ್ತದೆ, ಗೊಡ್ಡು ರೋಗಕ್ಕೆ ಮಾತ್ರ ಸುಲಭದ ತುತ್ತು. ಬೀಜದಿಂದ ಈ ರೋಗ ಬರುವುದಿಲ್ಲ. ಕೊಯ್ಲಾದ ಮೇಲೆ ಚಿಗುರುವ ಕೂಳೆ ತೊಗರಿ, ಬದುವಿನಲ್ಲಿ ವರ್ಷವಿಡೀ ಉಳಿಯುವ ತೊಗರಿ ಗಿಡ, ಅಲ್ಲಿಯೇ ನುಸಿಯೂ ವೈರಸ್ಸೂ ಮುಂದಿನ ಬಿತ್ತನೆಯವರೆಗೆ ಜೀವ ಹಿಡಿದಿರುತ್ತವೆ.