ಹೊದಿಕೆಯ ಮೇಲೆ ನಿಂತ ನೀರು

ಕಳೆದ ಹಿಂಗಾರಿನ ದಿನಗಳಲ್ಲಿ ನಾವು ಅಮೃತೂರಿನ ಬಂಧುಗಳ ಮನೆಗೆ ಹೋಗಿದ್ದೆವು. ಅಂಗಳದಲ್ಲಿದ್ದ ಹಲಸಿನ ಮರದ ಹಳೆಯ ಬೆಂಚು ನೀಲಿ ಟಾರ್ಪಾಲಿನ ಕೆಳಗೆ ಮರೆಯಾಗಿತ್ತು. ಮೂರು ತಲೆಮಾರಿನ ಹಿರಿಯರು ಕುಳಿತ ಬೆಂಚು ಅದು; ಮಳೆಗೆ ಕೆಡದಿರಲೆಂದು ಮನೆಯವರು ಜತನದಿಂದಲೇ ಮುಚ್ಚಿದ್ದರು. ಆದರೆ ಬೆನ್ನೊರಗಿಗೂ ಕೈಪಿಡಿಗಳಿಗೂ ನಡುವೆ ಟಾರ್ಪಾಲು ಜೋತುಬಿದ್ದು, ಎರಡು ಕೊಡದಷ್ಟು ನೀರು ನಿಂತಿತ್ತು. ಬಗ್ಗಿ ನೋಡಿದರೆ ಅದರಲ್ಲಿ ಸೊಳ್ಳೆಯ ಮರಿಗಳು ಕುಣಿದಾಡುತ್ತಿದ್ದುವು. ಆ ಮನೆಯ ಬಾಲಕಿ ಕೆಲವೇ ದಿನಗಳ ಹಿಂದೆ ಡೆಂಗ್ಯೂ ಜ್ವರದಿಂದ ಎದ್ದಿದ್ದಳು. ಜ್ವರಕ್ಕೆ ಈ ನೀರೇ ಕಾರಣವೆಂದು ಹೇಳಲು ನಮಗೆ ಅಧಿಕಾರವಿಲ್ಲ. ಆದರೂ ಆ ಮನೆಯ ಗೃಹಿಣಿಯ ಮುಖ ಕಳೆಗುಂದಿದುದನ್ನು ನಾವು ಮರೆಯಲಾರೆವು. ತೊಟ್ಟಿಯನ್ನೂ ಹಂಡೆಯನ್ನೂ ವಾರವಾರ ತಿಕ್ಕಿ ತೊಳೆಯುತ್ತಿದ್ದ ಆಕೆಗೆ ಹೊದಿಕೆಯ ನೆನಪೇ ಬಂದಿರಲಿಲ್ಲ.

ಡೆಂಗ್ಯೂ, ಚಿಕೂನ್‌ಗುನ್ಯಾಗಳನ್ನು ಹರಡುವ ಈಡಿಸ್ ಸೊಳ್ಳೆಗೆ ಕೆರೆ ಬೇಕಿಲ್ಲ. ತೆಂಗಿನ ಚಿಪ್ಪಿನಲ್ಲಿ ನಿಂತ ನೀರೂ ಸಾಕು. ಮೊಟ್ಟೆಯು ಸೊಳ್ಳೆಯಾಗಿ ಹಾರಲು ನಮ್ಮ ಹವೆಯಲ್ಲಿ ಸುಮಾರು 7ರಿಂದ 10 ದಿನಗಳು ಹಿಡಿಯುತ್ತವೆ. ಒಣಗಿದ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲವಾದುದರಿಂದ, ನೀರು ಚೆಲ್ಲಿದರಷ್ಟೇ ಸಾಲದು, ಹೊದಿಕೆಯನ್ನು ಉಜ್ಜಿ ತೊಳೆಯತಕ್ಕದ್ದು. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರವು ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವ ಮನೆಗಳಿಗೆ ಹಳ್ಳಿಗಳಲ್ಲಿ 200, ನಗರಗಳಲ್ಲಿ 400 ರೂಪಾಯಿಗಳ ದಂಡವನ್ನು ಗೊತ್ತುಪಡಿಸಿತು.

ಇನ್ನು ಉಪಾಯದ ಮಾತು. ರಾಗಿಯ ಮೆದೆ ಒಟ್ಟುವವರಿಗೆ ಇದು ಹೊಸದೇನಲ್ಲ. ಮೆದೆಯ ನೆತ್ತಿಯನ್ನು ಅವರು ಎಂದೂ ಚಪ್ಪಟೆಯಾಗಿ ಬಿಡುವುದಿಲ್ಲ. ನಡು ಎತ್ತರ, ಅಂಚು ಇಳಿಜಾರು. ಅಂಗಳದ ಮೇಜು ಕುರ್ಚಿಗಳಿಗೂ ಅದೇ ಕ್ರಮ ಒಪ್ಪುತ್ತದೆ. ಮೇಜಿನ ನಡುವೆ ಒಂದು ಮಂಕರಿಯನ್ನು ಬೋರಲು ಹಾಕಿ ಅದರ ಮೇಲೆ ಹೊದಿಕೆಯನ್ನು ಎಳೆದು ಕಟ್ಟಬೇಕು. ಬೆಂಚು ಉದ್ದವಾಗಿದ್ದರೆ ಬೆನ್ನೊರಗಿಗಿಂತ ಎತ್ತರದಲ್ಲಿ ಒಂದು ಬಿದಿರಿನ ಗಳವನ್ನು ಉದ್ದಕ್ಕೂ ನಿಲ್ಲಿಸಿ, ಹೊದಿಕೆಯನ್ನು ಗುಡಿಸಲ ಸೂರಿನಂತೆ ಎರಡು ಕಡೆಗೂ ಇಳಿಬಿಡುವುದು ಮೇಲು. ಬಿಸಿಲಿಗೆ ಪ್ಲಾಸ್ಟಿಕ್ಕು ಸಡಿಲವಾಗುತ್ತದೆ. ಹಗ್ಗದ ತುದಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಸೇರಿಸಿ ಕಟ್ಟಿದರೆ ಬಿಗಿ ಉಳಿಯುತ್ತದೆ. ಹೊದಿಕೆ ಮರಕ್ಕೆ ತಾಗದೆ, ಕೆಳಗೆ ಒಂದು ಗೇಣು ಗಾಳಿಯಾಡುವಂತಿರಲಿ. ಬಂಧುಗಳ ಬೆಂಚಿಗೆ ಬೂಷ್ಟು ಹಿಡಿದದ್ದು ಗಾಳಿಯಾಡದೆ ಒಳಗೇ ಬೆವೆತ ತೇವದಿಂದ.

ನೀರು ಇಳಿಯಲೆಂದು ನಡುವೆ ತೂತು ಕೊರೆಯುವವರೂ ಉಂಟು. ಮುಚ್ಚುವುದೂ ತಾವೇ, ತೋಯಿಸುವುದೂ ತಾವೇ! ನಮಗಂತೂ ಇದು ಸರಿದೋರಲಿಲ್ಲ.

ಮದುವೆಯ ಚಪ್ಪರಗಳಲ್ಲಿ ಅಪಾಯ ಇನ್ನೂ ದೊಡ್ಡದು. ಒಂದು ಮೀಟರು ಉದ್ದಗಲದ ಹರವಿನಲ್ಲಿ 10 ಸೆಂಟಿಮೀಟರು ನೀರು ನಿಂತರೆ ಅದರ ತೂಕ 100 ಕಿಲೋಗ್ರಾಂ. ಕೆಳಗೆ ನಿಂತು ಕೋಲಿನಿಂದ ತಿವಿಯುವ ನಮ್ಮ ವಾಡಿಕೆ ಒಳ್ಳೆಯದಲ್ಲ. ಭಾರವೆಲ್ಲ ಒಂದೇ ಕಡೆಗೆ ಸರಿದು ಕಂಬವನ್ನೇ ಎಳೆದೀತು. ಮೊದಲು ಕೆಳಗಿರುವವರನ್ನು, ಮುಖ್ಯವಾಗಿ ಮಕ್ಕಳನ್ನು, ಹೊರಗೆ ಕಳುಹಿಸಬೇಕು. ಅನಂತರ ಪಕ್ಕದಲ್ಲಿ ಏಣಿ ಹಾಕಿ, ನೀರು ತುಂಬಿದ ರಬ್ಬರು ಕೊಳವೆಯ ಒಂದು ತುದಿಯನ್ನು ಮಡುವಿನಲ್ಲಿ ಮುಳುಗಿಸಿ, ಬೆರಳಿನಿಂದ ಮುಚ್ಚಿದ ಇನ್ನೊಂದು ತುದಿಯನ್ನು ಅದಕ್ಕಿಂತ ಕೆಳಗೆ ಇಳಿಸಿ ಬಿಟ್ಟರೆ ನೀರು ತಾನಾಗಿ ಹರಿದುಹೋಗುತ್ತದೆ. ಕುಣಿಗಲ್ ತಾಲ್ಲೂಕಿನವರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ಶಿಂಷಾ ನದಿಯ ಮಾರ್ಕೋನಹಳ್ಳಿ ಜಲಾಶಯ ತುಂಬಿದಾಗ ಹೆಚ್ಚಿನ ನೀರನ್ನು ತಾನಾಗಿ ಹೊರಚೆಲ್ಲುವ ಸೈಫನ್ನುಗಳು ಇದೇ ತತ್ತ್ವದಿಂದ ನಡೆಯುತ್ತವೆ.

ಬಂಧುಗಳ ಬೆಂಚನ್ನು ಅಂದು ಮಧ್ಯಾಹ್ನವೇ ಬಿಸಿಲಿಗೆ ಎಳೆದೆವು. ಒಂದು ಹಲಗೆಯ ಅಂಚು ಮೆತ್ತಗಾಗಿದ್ದಿತು, ಉಳಿದವು ಗಟ್ಟಿಯಾಗಿದ್ದುವು. ಈಗ ಅದರ ಮೇಲೆ ಬಿದಿರಿನ ಗಳ ನಿಂತಿದೆ. ಶುಕ್ರವಾರ ತೊಟ್ಟಿ ತೊಳೆಯುವಾಗ ಹೊದಿಕೆಯನ್ನು ನೋಡಿಬರುವ ಕೆಲಸವನ್ನು ಆ ಬಾಲಕಿಯೇ ವಹಿಸಿಕೊಂಡಿದ್ದಾಳೆ.